ಮಣ್ಣಾಗದವರು

ಬೆಳಿಗ್ಗೆ ಏಳಕ್ಕೇ ಬಂದು ಓದ್ವಾರ್
ಟ್ರಕ್ಕಿನ ಹಿಂಬಾಗಿಲು ಇಳಿಸಿ
ಸುಣ್ಣ ಕದಡತೊಡಗಿದ್ದಾನೆ.
ನಾರ್ವೆಯ ಪಡುಗಡಲ ದಂಡೆ;
ಫ್ಯೋರ್ಡಿನ ಮೇಲಿನ ಮಂಜು ಇನ್ನೂ ಎದ್ದಿಲ್ಲ.
ಚರ್ಚಿನ ಗೋಡೆಗೂ ಸುಣ್ಣವೇ, ಡ್ರಮ್ಮಿನಲ್ಲೂ ಸುಣ್ಣವೇ.

ಇಲ್ಲಿ ಗೋರಿ ಎಂದರೆ ಬಾಡಿಗೆ ಜಾಗ.
ಇಪ್ಪತ್ತು ವರ್ಷ, ಆಮೇಲೆ ಇನ್ನೊಬ್ಬರ ಸರದಿ.
ಬಂಡೆ ಹೆಚ್ಚು, ಮಣ್ಣು ಕಡಿಮೆ ಇರುವ ಊರಲ್ಲಿ
ಸತ್ತವರೂ ಸ್ವಲ್ಪ ಸರಿದು ಕೂರಬೇಕು,
ಬಸ್ಸಿನಲ್ಲಿ ಹೇಗೋ ಹಾಗೆ.
ಸರಿದು ಕೊಟ್ಟರು ಹಿಂದಿನವರು, ಹೇಳದೆ ಕೇಳದೆ,
ಅಂಗಿಯ ಗುಂಡಿಯೊಂದನ್ನಷ್ಟೇ
ಆ ಗುಂಡಿಯಲ್ಲಿ ಬಿಟ್ಟು.

ಆಮೇಲೆ ಬಂತು ಪ್ಲಾಸ್ಟಿಕ್ಕು.
ಶುಚಿ ಎಂದರು. ರೋಗ ಹರಡದು ಎಂದರು.

ಗುಡ್ವೈಗ್‌ಗೆ ಆಗ ಹತ್ತೊಂಬತ್ತು.
ಕಾಡ್ ಮೀನಿನ ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆ
ಇಂಥದೇ ಹಾಳೆಯಲ್ಲಿ ಮೀನು ಸುತ್ತುವ ಕೈ
ಅಪ್ಪನನ್ನೂ ಸುತ್ತಿತು.
ನಲವತ್ತು ವರ್ಷ ದೋಣಿಯ ಮೇಲೆ,
ಒಣಗಿದ ಕಾಲುಚೀಲ ಎಂದರೇನೆಂದು ಅರಿಯದ ಮನುಷ್ಯ.
ಇನ್ನಾದರೂ ನೆನೆಯದಿರಲಿ ಎಂದು
ಪಾದದ ಬಳಿ ಎರಡು ಸುತ್ತು ಜಾಸ್ತಿ,
ಗಾಳಿಯಾಡದಂತೆ ಮಡಿಕೆಯ ಮೇಲೆ ಮಡಿಕೆ.
(ಒಳ್ಳೆಯ ಕೆಲಸಗಾರ್ತಿ. ಅವಳ ಪೊಟ್ಟಣ
ಒಮ್ಮೆಯೂ ಸೋರಿ ವಾಪಸು ಬಂದದ್ದಿಲ್ಲ.)

ಪಾದ್ರಿ ಮೂರು ಸಲ ಮಣ್ಣು ಹಾಕಿದ, ಮೂರು ಮಾತು ಹೇಳಿದ:
ಮಣ್ಣಿನಿಂದ ಬಂದೆ.
ಮಣ್ಣಾಗುವೆ.
ಮಣ್ಣಿನಿಂದಲೇ ಮತ್ತೆ ಏಳುವೆ.
ಐವತ್ತೇಳು ವರ್ಷವಾಯಿತು.
ನಡುವಿನ ಮಾತು ಬಾಕಿ ನಿಂತಿದೆ.

ಹೂಳುವುದನ್ನು ಕನ್ನಡದಲ್ಲಿ
ಮಣ್ಣು ಮಾಡುವುದು ಎನ್ನುತ್ತೇವೆ,
ಮಾಡಿದರೆ ಆದಂತೆಯೇ ಎಂಬ ನಂಬಿಕೆಯಲ್ಲಿ.
ಇಲ್ಲಿ ಮಾಡಿದರು. ಆಗಲಿಲ್ಲ.
ಹುಳು ಬಂದು ಬಾಗಿಲು ಬಡಿದು ಹೋಯಿತು.
ಭೂರ್ಜದ ಬೇರು ಹಲಗೆಯ ಸಂದಿಯಲ್ಲಿ ಇಳಿದು
ಹಾಳೆಯನ್ನು ಮುಟ್ಟಿ ನೋಡಿ
ಪಕ್ಕಕ್ಕೆ ತಿರುಗಿತು.
ಒಳಗೆ ಅಪ್ಪ,
ಉಣ್ಣೆಯ ಸ್ವೆಟರು, ಹುಬ್ಬು, ಎಲ್ಲ ಹಾಗೇ,
ಯಾರ ಹಸಿವಿಗೂ ಒದಗದೆ
ಯಾವ ಹುಲ್ಲಿಗೂ ಏರದೆ.

ಪುರಸಭೆಯಿಂದ ಕಾಗದ ಬಂತು. ಸಹಿ ಬೇಕಿತ್ತು.
ಅವಳಿಗೂ ಜಾಗ ಬೇಕು, ಅಪ್ಪನ ಜಾಗವೇ ಬೇಕು;
ಎದೆಯೊಳಗಿನ ಯಂತ್ರದ ಬ್ಯಾಟರಿ ಬಗ್ಗೆ ಕೇಳಿದರೆ
ಡಾಕ್ಟರು ಈಚೆಗೆ ಹವಾಮಾನದ ಮಾತು ತೆಗೆಯುತ್ತಾರೆ.
ಆದರೂ ಎರಡು ತಿಂಗಳು ಆ ಕಾಗದ
ಫ್ರಿಜ್ಜಿನ ಬಾಗಿಲಲ್ಲಿ, ಮೀನಿನಾಕಾರದ ಅಯಸ್ಕಾಂತದಡಿ
ನೇತಾಡಿತು.

ಈಗ ಹುಲ್ಲಿನ ಮೇಲೆ ನಿಂತಿದ್ದಾಳೆ, ಥರ್ಮಾಸು ಕಂಕುಳಲ್ಲಿ.
ಓದ್ವಾರ್ ಉದ್ದನೆಯ ಉಕ್ಕಿನ ಕೊಳವೆ ಊರಿ
ಮೈಭಾರವನ್ನೆಲ್ಲ ಬಿಡುತ್ತಾನೆ.
ಮಣ್ಣು. ಮಣ್ಣು. ಲಡ್ಡು ಹಿಡಿದ ಹಲಗೆ.
ಆಮೇಲೆ ಒಂದು ಸಣ್ಣ ಸದ್ದು,
ಉಬ್ಬಿದ ಪೊಟ್ಟಣಕ್ಕೆ ಉಗುರು ತಾಗಿದಂತೆ.
ಆ ಸದ್ದು ಅವಳಿಗೆ ಗೊತ್ತು.

“ಪಾದದ ಕಡೆ ಎರಡು ಸುತ್ತು ಹೆಚ್ಚಿದೆ,” ಎಂದಳು,
“ಅಲ್ಲಿ ಇನ್ನೊಮ್ಮೆ ಚುಚ್ಚಿ.”

ಅವನು ತಲೆಯೆತ್ತಲಿಲ್ಲ. ಚುಚ್ಚಿದ.
ಪಂಪು ಗೊರಗೊರ ಎಂದಿತು. ಹತ್ತು ನಿಮಿಷವೂ ಇಲ್ಲ.
ಸುಣ್ಣದ ನೀರು ಇಳಿಯುತ್ತಿದ್ದಂತೆ
ಅಪ್ಪ ನೆನೆಯುತ್ತಿದ್ದಾನೆ ಎಂದು ಹೊಳೆದು
ಕಾಫಿಯ ಮುಚ್ಚಳ ತಿರುಗಿಸುತ್ತಿದ್ದ ಕೈ
ಅಲ್ಲೇ ನಿಂತಿತು.

“ಒಂದು ವರ್ಷ,” ಎಂದ ಓದ್ವಾರ್, “ಹೆಚ್ಚೆಂದರೆ.”
“ಅಷ್ಟು ಕಾಯಬಲ್ಲೆ ಅನ್ನಿಸುತ್ತದೆ.”
ತನಗೆ ಬರಿ ಹಲಗೆ ಸಾಕು, ವಾರ್ನಿಷ್ ಬಳಿಯದ್ದು;
ಹತ್ತಿಯ ಹೊದಿಕೆ; ಎದೆಯ ಯಂತ್ರ ಅವರೇ ಇಟ್ಟುಕೊಳ್ಳಲಿ.
ಇದನ್ನೆಲ್ಲ ಅವನಿಗೆ ಯಾಕೆ ಹೇಳಿದಳೋ.
ಅವನು ಆಗಲೇ ಕೊಳವೆ ಒರೆಸಿ
ಪಕ್ಕದ ಕಲ್ಲಿನ ಹೆಸರು ಓದುತ್ತಿದ್ದ.
ಸಾಲಿನಲ್ಲಿ ಇನ್ನೂ ನೂರ ಹದಿನೆಂಟು.

ಮಳೆ ಹನಿಯಿತು.
ಜೇಬಿನಿಂದ ಪ್ಲಾಸ್ಟಿಕ್ಕಿನ ಮಳೆಟೋಪಿ ತೆಗೆದು
ಗದ್ದದಡಿ ಗಂಟು ಹಾಕಿಕೊಂಡಳು,
ರೂಢಿಯಂತೆ,
ಗಟ್ಟಿಯಾಗಿ.